ತಿಂಗಳಿಗೊಂದು ಸೆಂಟಿಮೀಟರ್: ನಮ್ಮ ಶಾಲೆಯ ಮುಖ್ಯಮಂತ್ರಿಗಳ ಗೋಡೆ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ಊರು ಚಿತ್ರದುರ್ಗ ಜಿಲ್ಲೆಯಲ್ಲಿದೆ. ನಮ್ಮ ತರಗತಿಯಲ್ಲಿ ಬಹಳ ವರ್ಷಗಳಿಂದ ಒಂದು ಚಾರ್ಟ್ ನೇತಾಡುತ್ತಿತ್ತು. ಕರ್ನಾಟಕದ ಮುಖ್ಯಮಂತ್ರಿಗಳ ಫೋಟೋಗಳು, ಎಲ್ಲವೂ ಒಂದೇ ಅಳತೆಯ ಚೌಕದಲ್ಲಿ. 2023ರ ಜೂನ್‌ನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ನೋಡಿ, "ಸಾರ್, ಇವರೆಲ್ಲ ಐದೈದು ವರ್ಷ ಇದ್ರಾ?" ಎಂದು ಕೇಳಿದಳು.

ಇಲ್ಲಮ್ಮ ಎಂದೆ. ಕಡಿದಾಳ್ ಮಂಜಪ್ಪ 73 ದಿನ ಇದ್ದರು ಎಂದೆ. ಅವಳು ಚಾರ್ಟ್ ಕಡೆ ಇನ್ನೊಮ್ಮೆ ನೋಡಿ, "ಮತ್ತೆ ಫೋಟೋ ಇಷ್ಟು ದೊಡ್ಡದಿದೆಯಲ್ಲ" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಆ ವಾರವೇ ಜಗಲಿಯ ಗೋಡೆ ಅಳೆದೆ. 30 ಅಡಿ, ಅಂದರೆ 914 ಸೆಂ.ಮೀ. ಕೆ. ಚೆಂಗಲರಾಯ ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿ ಆಗಿದ್ದು 1947ರ ಅಕ್ಟೋಬರ್ 25ಕ್ಕೆ. ಅಲ್ಲಿಂದ ಆ ಜೂನ್‌ವರೆಗೆ ಸುಮಾರು 908 ತಿಂಗಳು. ಒಬ್ಬೊಬ್ಬ ಮುಖ್ಯಮಂತ್ರಿಗೂ ಅವರು ಇದ್ದಷ್ಟು ಕಾಲದ ಉದ್ದಕ್ಕೆ ಒಂದು ಪೆಟ್ಟಿಗೆ, ತಿಂಗಳಿಗೊಂದು ಸೆಂ.ಮೀ. ಅಂತ ಇಟ್ಟುಕೊಂಡರೆ ಗೋಡೆಗೆ ಸರಿಯಾಗಿ ಕೂರುತ್ತದೆ! ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನೇರ ಗೋಡೆಗೆ ಬಣ್ಣ ಹಚ್ಚಲಿಲ್ಲ. ಅಂಗಡಿಗಳಲ್ಲಿ ಬಿಲ್ ಕೊಡುತ್ತಾರಲ್ಲ, ಆ ಮಷೀನಿನ ಪೇಪರ್ ರೋಲ್ ತಂದೆ. ಜಗಲಿಯ ಉದ್ದಕ್ಕೂ ಬಿಚ್ಚಿ, ಮಕ್ಕಳನ್ನು ಸ್ಕೇಲ್ ಹಿಡಿಸಿ ಕೂರಿಸಿದೆ. ಇದನ್ನು ಯಾರಾದರೂ ಮಾಡುವುದಿದ್ದರೆ ಮೊದಲು ಪೇಪರಿನಲ್ಲೇ ಮಾಡಿ. ನಾವು ಮೂರು ಸಲ ಹರಿದು ಹಾಕಿದೆವು.

ಮೊದಲ ಸಲ ಹರಿದಿದ್ದು ತಾರೀಕಿನ ಗೊಂದಲಕ್ಕೆ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟ ದಿನಕ್ಕೆ ಅವರ ಪೆಟ್ಟಿಗೆ ನಿಲ್ಲಿಸಬೇಕೋ, ಮುಂದಿನವರು ಪ್ರಮಾಣವಚನ ತೆಗೆದುಕೊಂಡ ದಿನಕ್ಕೋ? ಯಡಿಯೂರಪ್ಪ 2018ರ ಮೇ 17ಕ್ಕೆ ಪ್ರಮಾಣ ಮಾಡಿ 19ಕ್ಕೆ ರಾಜೀನಾಮೆ ಕೊಟ್ಟರು. ಕುಮಾರಸ್ವಾಮಿ ಬಂದಿದ್ದು 23ಕ್ಕೆ. ಮಕ್ಕಳಲ್ಲಿ ಎರಡು ಪಕ್ಷ ಆಯಿತು. ರಾಜೀನಾಮೆ ಕೊಟ್ಟ ಮೇಲೂ ಮುಂದಿನ ವ್ಯವಸ್ಥೆ ಆಗುವವರೆಗೆ ಇರಿ ಅಂತ ರಾಜ್ಯಪಾಲರು ಹೇಳುತ್ತಾರೆ, ಹಂಗಾಮಿ ಆದರೂ ಮುಖ್ಯಮಂತ್ರಿಯೇ ಎಂದು ನಾನು ತೀರ್ಪು ಕೊಟ್ಟೆ. ಹಾಗಾಗಿ ನಮ್ಮ ಗೋಡೆಯಲ್ಲಿ ಅದು ಆರು ದಿನ, ಅಂದರೆ 2 ಮಿ.ಮೀ. ಬ್ರಷ್ಷಿನ ಗೆರೆಯೇ ಅದಕ್ಕಿಂತ ದಪ್ಪ. 2007ರ ನವೆಂಬರಿನ ಯಡಿಯೂರಪ್ಪನವರ ಏಳು ದಿನದ ಸರ್ಕಾರಕ್ಕೂ ಅದೇ ಗತಿ. ಕೊನೆಗೆ ಗೆರೆಯಿಂದ ಕಡ್ಡಿ ಎಳೆದು, ಮೇಲೆ ಬಾವುಟದಂತೆ ಹೆಸರು ಬರೆದೆವು.

ಎರಡನೇ ಸಲ ಹರಿದಿದ್ದು ನನ್ನದೇ ತಪ್ಪಿಗೆ. ರಾಷ್ಟ್ರಪತಿ ಆಳ್ವಿಕೆಯನ್ನು ಮರೆತು ಪೆಟ್ಟಿಗೆಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದ್ದೆ. ವೀರೇಂದ್ರ ಪಾಟೀಲರು 1971ರ ಮಾರ್ಚ್‌ನಲ್ಲಿ ಹೋದರು, ದೇವರಾಜ ಅರಸು ಬಂದಿದ್ದು 1972ರ ಮಾರ್ಚ್ 20ಕ್ಕೆ. ನಡುವೆ 12 ಸೆಂ.ಮೀ. ಖಾಲಿ. ಅಂಥವು ಒಟ್ಟು ಆರು ಸಿಕ್ಕವು: 1971, 1977ರ ಕೊನೆ, 1989, 1990, ಮತ್ತೆ 2007ರಲ್ಲಿ ಎರಡು. 1990ರದ್ದು ಒಂದು ವಾರದ್ದಷ್ಟೇ. ಅವಕ್ಕೆ ಯಾವ ಬಣ್ಣ ಹಚ್ಚುವುದು ಅಂತ ಯೋಚಿಸಿ, ಸುಣ್ಣದ ಗೋಡೆಯನ್ನೇ ಬಿಟ್ಟೆವು. ಒಬ್ಬ ಹುಡುಗ ಆ ಬಿಳಿ ಜಾಗಗಳನ್ನೆಲ್ಲ ಕೂಡಿಸಿ ಸುಮಾರು 29 ಸೆಂ.ಮೀ. ಅಂತ ಲೆಕ್ಕ ತಂದ. ಬಂಗಾರಪ್ಪನವರದ್ದು 25, ಮೊಯಿಲಿಯವರದ್ದೂ ಹತ್ತಿರಹತ್ತಿರ 25. "ಸಾರ್, ಯಾರೂ ಇಲ್ಲದೇ ಇದ್ದಿದ್ದೇ ಇವರಿಗಿಂತ ಜಾಸ್ತಿ!" ಎಂದ. ಯಾರೂ ಇಲ್ಲ ಅಂತಲ್ಲ, ಆಗ ರಾಜ್ಯಪಾಲರ ಕೈಯಲ್ಲಿ ಆಡಳಿತ ಇರುತ್ತೆ ಎಂದು ತಿದ್ದಿದೆ.

ಮೂರನೆಯದು ದೊಡ್ಡ ಕತೆ. ಪೇಪರ್ ಮುಗಿಸಿ ಹೆಮ್ಮೆಯಿಂದ ನಿಂತಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಬಂದರು. ಅವರು ಧಾರವಾಡ ಕಡೆಯವರು. ಪಟ್ಟಿಯ ಮೊದಲ ಒಂದು ಮೀಟರ್ ನೋಡಿ, "ರೆಡ್ಡಿಯವರು, ಹನುಮಂತಯ್ಯನವರು ನಿಮ್ಮ ಮೈಸೂರಿಗೆ ಮುಖ್ಯಮಂತ್ರಿ. ಆಗ ನಮಗ ಮೊರಾರ್ಜಿ ದೇಸಾಯಿ ಇದ್ದರಲ್ರೀ" ಎಂದರು.

ಹೌದಲ್ವಾ! 1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡದವರು ಒಂದೇ ರಾಜ್ಯದಲ್ಲಿ ಇರಲಿಲ್ಲ ಎಂದು ಪ್ರತಿ ರಾಜ್ಯೋತ್ಸವಕ್ಕೂ ಭಾಷಣ ಮಾಡುವವನು ನಾನೇ. ಗೋಡೆಗೆ ಬರೆಯುವಾಗ ಮಾತ್ರ ಮರೆತಿದ್ದೆ. ಆಮೇಲೆ ಮೈಸೂರಿನ ಪಟ್ಟಿಯ ಕೆಳಗೆ ನಾಲ್ಕು ತೆಳು ಪಟ್ಟಿ ಎಳೆದೆವು. 1952ರ ಚುನಾವಣೆಯಿಂದ ಹಿಡಿದು ಬೆಳಗಾವಿ, ಧಾರವಾಡದ ಕಡೆಯವರಿಗೆ ಮುಂಬಯಿ ರಾಜ್ಯದ ಮೊರಾರ್ಜಿ. ಕಲಬುರಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದ್ ರಾಜ್ಯದ ಬೂರ್ಗುಲ ರಾಮಕೃಷ್ಣ ರಾವ್. ಮಂಗಳೂರು, ಉಡುಪಿಯವರಿಗೆ ಮದ್ರಾಸಿನ ರಾಜಾಜಿ, 1954ರಿಂದ ಕಾಮರಾಜ್. ಕೊಡಗಿಗೆ ತನ್ನದೇ ಸಿ.ಎಂ. ಪೂಣಚ್ಚ, 24 ಸೀಟಿನ ಪುಟ್ಟ ವಿಧಾನಸಭೆ. ಬಳ್ಳಾರಿಯದ್ದು ಇನ್ನೂ ಚೆಂದ. ಮದ್ರಾಸಿನ ಪಟ್ಟಿಯಿಂದ ಒಂದು ಎಳೆ 1953ರ ಅಕ್ಟೋಬರಿನಲ್ಲಿ ಕವಲೊಡೆದು ಮೇಲೆ ಮೈಸೂರಿಗೆ ಹೋಗಿ ಸೇರುತ್ತದೆ. ಉಳಿದವೆಲ್ಲ 1956ರ ಗೆರೆಗೆ ಬಂದು ಕೂಡಿಕೊಳ್ಳುತ್ತವೆ, ನದಿಗಳ ಹಾಗೆ. ಇಡೀ ಗೋಡೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದೇ. ಕನ್ನಡ ಮೇಷ್ಟ್ರು ಈಗ ದಿನಾ ಅಲ್ಲೇ ನಿಂತು ಟೀ ಕುಡಿಯುತ್ತಾರೆ.

ಇದರಿಂದ "ಒಟ್ಟು ಎಷ್ಟು ಜನ ಮುಖ್ಯಮಂತ್ರಿಗಳು?" ಅನ್ನುವ ಪರೀಕ್ಷೆಯ ಪ್ರಶ್ನೆ ಕೂಡ ಹಾಳಾಯಿತು. 1947ರಿಂದ 2023ರವರೆಗೆ ಎಣಿಸಿದರೆ 23 ಜನ. ಏಕೀಕರಣದಿಂದ ಎಣಿಸಿದರೆ 20. ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್ 1ರಿಂದ ಎಣಿಸಿದರೆ 17. ಮೂರೂ ಸರಿ. ಎರಡೆರಡು ಸಲ ಬಂದವರನ್ನು ಬೇರೆಬೇರೆಯಾಗಿ ಎಣಿಸಲು ಹೊರಟರೆ ಇನ್ನೂ ಬೆಳೆಯುತ್ತದೆ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಪಕ್ಷಗಳ ಬಣ್ಣ ಬೇಡವೇ ಬೇಡ ಎಂದು ಮೊದಲೇ ನಿರ್ಧಾರ ಮಾಡಿದ್ದೆ. ಸರ್ಕಾರಿ ಶಾಲೆ ಗೋಡೆ, ಸುಮ್ನೆ ಯಾಕೆ ತಲೆನೋವು. ಒಂದು ಪೆಟ್ಟಿಗೆ ಕೆಮ್ಮಣ್ಣು, ಮುಂದಿನದು ನೀಲಿ, ಅಷ್ಟೇ. ಫೋಟೋ ಹಾಕಲಿಲ್ಲ.

ಬಣ್ಣ ಒಣಗಿದ ಮೇಲೆ ಗೋಡೆ ತಾನೇ ಪಾಠ ಮಾಡತೊಡಗಿತು. 60 ಸೆಂ.ಮೀ. ಮುಟ್ಟಿದ ಪೆಟ್ಟಿಗೆಗಳು ನಾಲ್ಕೇ: ನಿಜಲಿಂಗಪ್ಪನವರ ಎರಡನೆಯದು, ಅರಸು ಅವರ ಮೊದಲನೆಯದು, ರಾಮಕೃಷ್ಣ ಹೆಗಡೆಯವರದ್ದು, ಸಿದ್ದರಾಮಯ್ಯನವರ 2013ರದ್ದು. ವೀರೇಂದ್ರ ಪಾಟೀಲರು ಒಮ್ಮೆ ಮುಗಿದರೆ, ಎರಡೂಕಾಲು ಮೀಟರ್ ನಡೆದ ಮೇಲೆ 1989ರಲ್ಲಿ ಮತ್ತೆ ಸಿಗುತ್ತಾರೆ. ವಿಧಾನಸೌಧ ಅಂದರೆ ಎಲ್ಲರೂ ಕೆಂಗಲ್ ಹನುಮಂತಯ್ಯ ಅನ್ನುತ್ತಾರೆ, ನಾನೂ ಹಾಗೇ ಬರೆಸಿದ್ದೆ. ನೆಹರೂ ಶಂಕುಸ್ಥಾಪನೆ ಮಾಡಿದ ದಿನ 1951ರ ಜುಲೈ 13 ಅಂತ ಮಕ್ಕಳು ಗುರುತು ಹಾಕಿದರೆ, ಅದು ಚೆಂಗಲರಾಯ ರೆಡ್ಡಿಯವರ ಪೆಟ್ಟಿಗೆಯೊಳಗೆ ಬಿತ್ತು! ಕಟ್ಟಡಕ್ಕೆ ಈಗಿನ ರೂಪ ಕೊಟ್ಟು ಕಟ್ಟಿಸಿದ್ದು ಹನುಮಂತಯ್ಯನವರೇ, ಅದು ನಿಜ. ಮೊದಲ ಕಲ್ಲು ಮಾತ್ರ ಅವರ ಕಾಲದ್ದಲ್ಲ.

ಎಸ್.ಆರ್. ಬೊಮ್ಮಾಯಿಯವರದ್ದು 8 ಸೆಂ.ಮೀ. ಮಾತ್ರ. 1989ರ ಏಪ್ರಿಲ್ 21ಕ್ಕೆ ಕಡಿದು, ಪಕ್ಕದಲ್ಲೇ 7 ಸೆಂ.ಮೀ. ಬಿಳಿ ಜಾಗ. ಸದನದಲ್ಲಿ ಬಹುಮತ ತೋರಿಸಲು ಅವಕಾಶವೇ ಕೊಡದೆ ಸರ್ಕಾರ ವಜಾ ಆಯಿತು. ಅವರು ಹೂಡಿದ್ದ ಕೇಸಿನ ತೀರ್ಪು 1994ರ ಮಾರ್ಚ್ 11ಕ್ಕೆ ಬಂತು, ಗೋಡೆಯಲ್ಲಿ ಮೊಯಿಲಿಯವರ ಪೆಟ್ಟಿಗೆಯೊಳಗೆ. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿತು. ಆ ಗುರುತಿನಿಂದ ಒಂದು ದಾರ ಕಟ್ಟಿ 2018ರ ಮೇ ತಿಂಗಳಿಗೆ ಎಳೆದೆವು. ಆಗಲೂ ಕೋರ್ಟು ಸದನದಲ್ಲೇ ಸಾಬೀತು ಮಾಡಿ ಎಂದಿತ್ತು. ಮೊದಲು ಈ ಕೇಸಿನ ಹೆಸರು ಹೇಳಿದರೆ ಮಕ್ಕಳು ಆಕಳಿಸುತ್ತಿದ್ದರು. ಈಗ ಆ ದಾರ ಹಿಡಿದುಕೊಂಡು ಓಡುತ್ತಾರೆ, ತುಂಡಾಗಿ ಎರಡು ಸಲ ಹೊಸದು ಕಟ್ಟಿದ್ದೇನೆ.

ಊರವರಿಗೆ ಹಿಡಿಸಿದ್ದು ಮೂರು ಸೆಂ.ಮೀ. ಚಿಲ್ಲರೆಯ ಒಂದು ಪೆಟ್ಟಿಗೆ. ಎಸ್.ಆರ್. ಕಂಠಿಯವರದ್ದು, 1962ರ ಮಾರ್ಚ್‌ನಿಂದ ಜೂನ್‌ವರೆಗೆ. ಆ ವರ್ಷ ನಿಜಲಿಂಗಪ್ಪನವರು ಹೊಸದುರ್ಗದಲ್ಲೇ, ಅಂದರೆ ನಮ್ಮ ಜಿಲ್ಲೆಯಲ್ಲೇ, ಸೋತುಬಿಟ್ಟರು. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. ಪೋಷಕರ ಸಭೆಗೆ ಬಂದ ಒಬ್ಬ ಅಜ್ಜ ಆ ಪೆಟ್ಟಿಗೆ ಮೇಲೆ ಬೆರಳಿಟ್ಟು, "ಇದು ನಾವು ಮಾಡಿದ್ದು" ಎಂದರು. ಬೇಜಾರಿತ್ತೋ ಖುಷಿಯಿತ್ತೋ ಮುಖ ನೋಡಿದರೆ ಗೊತ್ತಾಗಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ.

ಆಮೇಲೆ ಒಂಬತ್ತನೇ ಕ್ಲಾಸಿನಲ್ಲಿ ಆ ಪ್ರಶ್ನೆ ಬಂತು: ಊರಿನವರು ಸೋಲಿಸಿದರೂ ಮುಖ್ಯಮಂತ್ರಿ ಆಗಬಹುದಾ? ಸಂವಿಧಾನದ 164ನೇ ವಿಧಿ ತೆಗೆದೆವು. ನಾವು ಮುಖ್ಯಮಂತ್ರಿಗೆ ಓಟು ಹಾಕುವುದಿಲ್ಲ, ಶಾಸಕರಿಗೆ ಹಾಕುತ್ತೇವೆ. ನೇಮಕ ಮಾಡುವವರು ರಾಜ್ಯಪಾಲರು. ಸದನದ ಸದಸ್ಯರಲ್ಲದವರೂ ಆರು ತಿಂಗಳು ಇರಬಹುದು, ಅಷ್ಟರೊಳಗೆ ಆರಿಸಿ ಬರಬೇಕು. 1983ರಲ್ಲಿ ಹೆಗಡೆ ಕನಕಪುರದಿಂದ ಆರಿಸಿ ಬಂದರು. 2011ರಲ್ಲಿ ಸಂಸದರಾಗಿದ್ದ ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಆಮೇಲೆ ವಿಧಾನ ಪರಿಷತ್ತಿಗೆ ಬಂದರು. ಆರು ತಿಂಗಳು ಅಂದರೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಒಬ್ಬಳು ಗೋಡೆಯ ಮೇಲೆ ಬೆರಳು ಅಗಲಿಸಿ ತೋರಿಸಿದಳು, ಆರು ಸೆಂ.ಮೀ.

ನಾವು ಶುರು ಮಾಡಿದಾಗ ಗೋಡೆಯಲ್ಲಿ ಉಳಿದಿದ್ದ ಜಾಗವೂ ಅಷ್ಟೇ. ಪ್ರತಿ ತಿಂಗಳ 25ಕ್ಕೆ ಒಬ್ಬರು ಬಂದು ಒಂದು ಸೆಂ.ಮೀ. ಬಣ್ಣ ಹಚ್ಚಬೇಕು ಎಂದು ಹಾಜರಿ ಪಟ್ಟಿಯ ಪ್ರಕಾರ ಪಾಳಿ ಹಾಕಿದ್ದೆವು. 2024ರ ಜನವರಿಗೆ ಗೋಡೆ ಮುಗಿಯಿತು. ಹೆಡ್‌ಮಾಸ್ಟರ ಹತ್ತಿರ ಕೇಳಿದೆ. ಮೂಲೆ ತಿರುಗಿಸಿ ಬಿಸಿಯೂಟದ ಕೋಣೆಯ ಗೋಡೆಗೆ ಹೋಗಿ ಎಂದರು. ಅಲ್ಲಿ ಒಗ್ಗರಣೆಯ ಹೊಗೆ ಹಿಡಿಯುತ್ತದೆ, ಬಣ್ಣ ಆಗಲೇ ಸ್ವಲ್ಪ ಕಪ್ಪಾಗಿದೆ. ಆದರೆ ಆ ಗೋಡೆ 22 ಅಡಿ ಇದೆ.