ಜಿಯಾಲಜಿ ಹುದ್ದೆ ತುಂಬುವಾಗ ಅಭ್ಯರ್ಥಿಯನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾಲೇಜಿನವರು ಜಿಯಾಲಜಿ (ಭೂವಿಜ್ಞಾನ) ಹುದ್ದೆಗೆ ಸಂದರ್ಶನ ಇಟ್ಟುಕೊಂಡಿದ್ದೇವೆ ಎಂದು ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ‘ಜೀಪು ಹೇಳಿದ್ದೀರಾ?’ ಎಂದು. ಪ್ರಿನ್ಸಿಪಾಲರ ಕೋಣೆಯಲ್ಲಿ ಹದಿನೈದು ನಿಮಿಷ ಕೂರಿಸಿ ಮಾತಾಡಿಸಿದರೆ ಜಿಯಾಲಜಿ ಮೇಷ್ಟ್ರು ಎಂಥವರೆಂದು ತಿಳಿಯುವುದಿಲ್ಲ. ಬಳ್ಳಾರಿಯ ಕಾಲೇಜೊಂದರಲ್ಲಿ ಈ ವಿಷಯ ಕಲಿಸಿ ನಿವೃತ್ತಳಾದ ಮೇಲೂ ಸಬ್ಜೆಕ್ಟ್ ಎಕ್ಸ್‌ಪರ್ಟ್ ಆಗಿ ಆಯ್ಕೆ ಸಮಿತಿಗಳಲ್ಲಿ ಕೂರುತ್ತಿರುವವಳು ನಾನು. ಅಲ್ಲಿ ನೋಡಿದ್ದನ್ನೇ ಬರೆಯುತ್ತಿದ್ದೇನೆ.

ನಿಮ್ಮ ಕಾಲೇಜು ವಿಶ್ವವಿದ್ಯಾಲಯದ ವಿಭಾಗವಲ್ಲ ಎನ್ನುವುದು ಜಾಹೀರಾತು ಬರೆಯುವಾಗಲೇ ನೆನಪಿರಲಿ. ಧಾರವಾಡದಲ್ಲೋ ಮೈಸೂರಿನಲ್ಲೋ ಖನಿಜಕ್ಕೆ ಒಬ್ಬರು, ಜೀವಾವಶೇಷಕ್ಕೆ ಒಬ್ಬರು, ಅಂತರ್ಜಲಕ್ಕೆ ಒಬ್ಬರು ಇರುತ್ತಾರೆ. ಬಿಎ, ಬಿಕಾಂ, ಬಿಎಸ್‌ಸಿ ಎಲ್ಲ ಒಂದೇ ಕಾಂಪೌಂಡಿನಲ್ಲಿರುವ ನಿಮ್ಮ ಕಾಲೇಜಿನಲ್ಲಿ ಇರುವುದು ಒಬ್ಬರು, ಹೆಚ್ಚೆಂದರೆ ಇಬ್ಬರು. ಆದ್ದರಿಂದ ಯಾವ್ಯಾವ ಪೇಪರ್ ತೆಗೆದುಕೊಳ್ಳಬೇಕು, ವಾರಕ್ಕೆ ಎಷ್ಟು ತಾಸು ಪಾಠ (ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2018ರ ನಿಯಮದಂತೆ ಅಸಿಸ್ಟೆಂಟ್ ಪ್ರೊಫೆಸರ್‌ಗೆ 16), ಲ್ಯಾಬಿನಲ್ಲಿ ಕಲ್ಲಿನ ತೆಳು ಪದರ ನೋಡುವ ಪೆಟ್ರೋಲಾಜಿಕಲ್ ಮೈಕ್ರೋಸ್ಕೋಪ್ ಎಷ್ಟು ಕೆಲಸ ಮಾಡುತ್ತಿವೆ, ಫೀಲ್ಡಿಗೆ ವರ್ಷಕ್ಕೆ ಎಷ್ಟು ದುಡ್ಡು ಇಟ್ಟಿದ್ದೀರಿ, ಸಂಬಳ ಎಷ್ಟು, ಎಲ್ಲವನ್ನೂ ಬರೆದುಬಿಡಿ. ಸಂಬಳ ಮುಚ್ಚಿಟ್ಟು ಕರೆದರೆ ಬಂದವರು ಆರು ತಿಂಗಳಿಗೆ ತೋರಣಗಲ್ಲು, ದೋಣಿಮಲೈ, ಹಟ್ಟಿ ಕಡೆ ಗಣಿ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಅವರನ್ನು ತಪ್ಪು ಹಿಡಿಯಲಾಗದು. ಆದರೆ ನಡುವರ್ಷ ಮೇಷ್ಟ್ರಿಲ್ಲದೆ ಕೂರಬೇಕಾದವರು ನಮ್ಮ ಮಕ್ಕಳು.

ಅರ್ಹತೆ ನೋಡುವುದು ಕಷ್ಟವಲ್ಲ. ಎಂಎಸ್‌ಸಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆಸೆಟ್ (ಅಧ್ಯಾಪಕರಾಗಲು ರಾಷ್ಟ್ರ, ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು). ಮೀಸಲು ವರ್ಗದವರಿಗೆ ಅಂಕದಲ್ಲಿ ಶೇ. 5 ಸಡಿಲಿಕೆ ಉಂಟು. ಯುಜಿಸಿಯ 2023ರ ತಿದ್ದುಪಡಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹಂತಕ್ಕೆ ಪಿಎಚ್‌ಡಿ ಕಡ್ಡಾಯವಲ್ಲ ಎಂದಾಗಿದೆ. ನಿಯಮ ಬದಲಾಗುತ್ತಿರುತ್ತದೆ, ಜಾಹೀರಾತಿನ ದಿನ ಯಾವುದು ಜಾರಿಯಲ್ಲಿದೆಯೋ ಅದನ್ನು ತೆಗೆದು ಓದಿ. ಆಫೀಸಿನವರಿಗೆ ಒಂದು ಮಾತು ಹೇಳಿಡಿ: ನೆಟ್ ಪ್ರಮಾಣಪತ್ರದಲ್ಲಿ ಜಿಯಾಲಜಿ ಎಂದು ಇರುವುದಿಲ್ಲ. ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಮತ್ತು ಯುಜಿಸಿಯ ಆ ಜಂಟಿ ಪರೀಕ್ಷೆಯ ವಿಷಯವೇ ಭೂಮಿ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನ. ಇದು ಗೊತ್ತಿಲ್ಲದೆ ಒಳ್ಳೆಯ ಅರ್ಜಿಗಳನ್ನು ಪಕ್ಕಕ್ಕೆ ಇಟ್ಟಿದ್ದನ್ನು ನೋಡಿದ್ದೇನೆ.

ಇನ್ನು ಸಂದರ್ಶನದ ದಿನ. ಬೆಳಿಗ್ಗೆ ಲ್ಯಾಬಿನಲ್ಲಿ ಟ್ರೇ ಇಡಿ: ಸಂಡೂರಿನ ಬಿಎಚ್‌ಕ್ಯು (ಹೆಮಟೈಟ್ ಎಂಬ ಕಬ್ಬಿಣದ ಅದಿರು, ಕ್ವಾರ್ಟ್‌ಜೈಟ್ ಪಟ್ಟೆಪಟ್ಟೆಯಾಗಿರುವ ಕಲ್ಲು), ಮ್ಯಾಂಗನೀಸ್ ಅದಿರು, ಡೋಲರೈಟ್, ಗುಲಾಬಿ ಗ್ರಾನೈಟ್, ಶಿಸ್ಟ್. ‘ಇದು ಏನು?’ ಎಂದು ಕೇಳಬೇಡಿ, ನೆಟ್ ಪಾಸಾದವರಿಗೆ ಅದು ಪ್ರಶ್ನೆಯೇ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮೊದಲ ಸೆಮಿಸ್ಟರಿನ ನಾಲ್ಕು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿ, ಬಿಎಚ್‌ಕ್ಯು ಕಲಿಸಲು ಹೇಳಿ. ಆಮೇಲೆ ಅಭ್ಯರ್ಥಿಯ ಕೈ ನೋಡುತ್ತಿರಿ. ಕೆಲವರು ಕಲ್ಲನ್ನು ತಾವೇ ಹಿಡಿದುಕೊಂಡು ಇಪ್ಪತ್ತು ನಿಮಿಷ ಭಾಷಣ ಮಾಡುತ್ತಾರೆ. ಇನ್ನು ಕೆಲವರು ಬಾಯಿ ತೆರೆಯುವ ಮೊದಲೇ ಕಲ್ಲನ್ನು ಹುಡುಗಿಯ ಕೈಗೆ ಕೊಟ್ಟು, ‘ಭಾರ ಅನ್ನಿಸ್ತದೇನಮ್ಮಾ? ಪಟ್ಟೆ ಎಷ್ಟು ಬಣ್ಣದವು ಅದಾವ ನೋಡು’ ಅನ್ನುತ್ತಾರೆ. ಸ್ಟ್ರೀಕ್ ಪ್ಲೇಟ್ (ಖನಿಜದ ಗೆರೆಯ ಬಣ್ಣ ನೋಡುವ ಬಿಳಿ ಬಿಲ್ಲೆ) ಕೊಟ್ಟು ಕಪ್ಪು ಪಟ್ಟೆಯನ್ನು ಅದರ ಮೇಲೆ ಉಜ್ಜಿಸುತ್ತಾರೆ. ಕಪ್ಪಾಗಿ ಕಂಡ ಹೆಮಟೈಟ್ ಬಿಳಿ ಬಿಲ್ಲೆಯ ಮೇಲೆ ಕೆಂಪು ಗೆರೆ ಎಳೆದಾಗ ಆ ಹುಡುಗಿಯ ಮುಖ ನೋಡಬೇಕು. ಸಂಡೂರಿನ ಕಡೆ ರಸ್ತೆ, ಮರ, ಮನೆ ಏಕೆ ಕೆಂಪು ಎನ್ನುವುದನ್ನು ಅವಳೇ ಹೇಳುತ್ತಾಳೆ. ಹೀಗೆ ಕಲಿಸಿದವರ ಹೆಸರಿನ ಮುಂದೆ ನಾನು ಗುರುತು ಹಾಕಿಕೊಳ್ಳುತ್ತೇನೆ, ಅವರ ಸಂಶೋಧನಾ ಪ್ರಬಂಧಗಳ ಸಂಖ್ಯೆ ಆಮೇಲೆ.

ಮಧ್ಯಾಹ್ನ ಊಟ ಬೇಗ ಮುಗಿಸಿ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟದ ಕಡೆ ಹೊರಡಿ, ಬಳ್ಳಾರಿಗೆ ಹತ್ತಿರವೇ ಇದೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟನ್ನು ಸೀಳಿಕೊಂಡು ಕಪ್ಪು ಡೋಲರೈಟಿನ ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸದ ಗೋಡೆ) ಹಾದುಹೋಗಿದೆ. ಯಾವುದು ಮೊದಲು, ಯಾವುದು ಆಮೇಲೆ, ಮಕ್ಕಳಿಂದ ಹೇಗೆ ಹೇಳಿಸುತ್ತೀರಿ ಎಂದು ಕೇಳಿ. ಒಳ್ಳೆಯ ಮೇಷ್ಟ್ರು ಡೈಕಿನ ಅಂಚು ಹುಡುಕುತ್ತಾರೆ: ತಣ್ಣಗಿದ್ದ ಗ್ರಾನೈಟಿಗೆ ತಾಗಿದ ಕಡೆ ಶಿಲಾರಸ ಬೇಗ ಆರಿ ಕಣ ಸಣ್ಣದಾಗಿರುತ್ತದೆ, ನಡುವೆ ನಿಧಾನಕ್ಕೆ ಆರಿ ಕಣ ದಪ್ಪಗಿರುತ್ತದೆ. ಹ್ಯಾಂಡ್ ಲೆನ್ಸ್ ಕೊಟ್ಟು ಅಂಚಿನಿಂದ ನಡುವಿನವರೆಗೆ ನಡೆಸಿದರೆ ಸಾಕು, ಕಥೆ ಕಲ್ಲೇ ಹೇಳುತ್ತದೆ.

ಅಲ್ಲಿ ನಾನು ಇನ್ನೊಂದನ್ನು ಗಮನಿಸುತ್ತೇನೆ, ಮೊದಲೇ ಹೇಳುವುದಿಲ್ಲ. ಆ ಡೋಲರೈಟ್ ಬಂಡೆಗಳ ಮೇಲೆ ನವಶಿಲಾಯುಗದವರು ಕುಟ್ಟಿ ಮೂಡಿಸಿದ ಗೂಳಿಗಳಿವೆ, ಮನುಷ್ಯರಿದ್ದಾರೆ. ಬಡಿದರೆ ಗಣಗಣ ಎನ್ನುವ ಬಂಡೆಗಳಿವೆ. ಕ್ವಾರಿಯವರು ಕಲ್ಲು ಒಡೆದು ಈಗಾಗಲೇ ಹಾಳಾಗಿರುವ ಜಾಗ ಅದು. ಸುತ್ತಿಗೆ ಎತ್ತುವ ಮೊದಲು ಅಭ್ಯರ್ಥಿ ಸುತ್ತ ನೋಡಿದರೇ? ಕೆಳಗೆ ಬಿದ್ದ ಚೂರು ಸಾಕು ಎಂದರೇ? ನೋಡದೆ ಬಂಡೆಗೇ ಬಡಿಯಲು ಹೋದವರಿಗೆ ನಮ್ಮ ಮಕ್ಕಳನ್ನು ಒಪ್ಪಿಸಬೇಡಿ ಎಂದು ನಾನು ಸಮಿತಿಯಲ್ಲಿ ನೇರವಾಗಿ ಹೇಳುತ್ತೇನೆ. ಈ ಬೆಟ್ಟಗಳಲ್ಲಿ ಓಡಾಡಿದ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿದ್ದ ಭೂವಿಜ್ಞಾನಿ. ಇಲ್ಲಿನ ಕಲ್ಲುಕೊಡಲಿಗಳನ್ನು ಗುರುತಿಸಿದವರೂ ಅವರೇ. ಇತಿಹಾಸ ವಿಭಾಗದವರ ಜೊತೆ ಸೇರಿ ಬಿಎ ಮಕ್ಕಳಿಗೂ ಇಲ್ಲಿ ಪಾಠ ಮಾಡುತ್ತೇನೆ ಎನ್ನುವವರು ಸಿಕ್ಕರೆ ಬಿಡಲೇಬೇಡಿ.

ವಾಪಸು ಬರುವಾಗ ಜೀಪಿನಲ್ಲಿ ಕೇಳಬೇಕಾದವು ಕೆಲವಿವೆ. ಮೊದಲನೆಯದು ಸಂಶೋಧನೆ. ಕಲ್ಲಿನಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಬೇಕು, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು ಎಂದು ಪಟ್ಟಿ ಹೇಳುವವರು ನಮ್ಮಲ್ಲಿ ಕೊರಗುತ್ತಾರೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹಳ್ಳಿಯ ಬಾವಿ, ಬೋರ್‌ಗಳ ನೀರಿನ ಮಟ್ಟ ಅಳೆಸುತ್ತೇನೆ, ಫ್ಲೋರೈಡ್ ಪರೀಕ್ಷೆ ಮಾಡಿಸಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ಊರುಗಳನ್ನು ನಕ್ಷೆಯ ಮೇಲೆ ಹಾಕಿಸುತ್ತೇನೆ ಎನ್ನುವವರು ಬೇಕು. ಕೊಪ್ಪಳ, ರಾಯಚೂರಿನ ಹಳ್ಳಿಗಳಿಗೆ ಅದು ನಾಳೆಯೇ ಉಪಯೋಗಕ್ಕೆ ಬರುವ ಕೆಲಸ.

ಆಮೇಲೆ ಇದನ್ನು ಕೇಳಿ: ವಿದ್ಯಾರ್ಥಿಯೊಬ್ಬ ಬಂದು, ‘ಸರ್, ನಮ್ಮ ಹೊಲದಾಗ ಎರಡು ಬೋರು ಫೇಲ್ ಆದ್ವು, ಅಪ್ಪ ತೆಂಗಿನಕಾಯಿ ಹಿಡಿಯೋರನ್ನ ಕರಿಸ್ಯಾನ, ಏನು ಹೇಳ್ಲಿ?’ ಎಂದರೆ? ನಕ್ಕುಬಿಡುವವರು ಬೇಡ. ಸಾಲ ಮಾಡಿ ಬೋರ್ ಹಾಕಿಸುವ ಮನೆ ಅದು. ಗ್ರಾನೈಟಿನಲ್ಲಿ ನೀರು ಇರುವುದು ಬಿರುಕಿನಲ್ಲಿ, ಕೊಳೆತ ಕಲ್ಲಿನ ಪದರದಲ್ಲಿ. ಆ ಬಿರುಕಿನ ಜಾಡು ಹೊಲದಲ್ಲಿ ಹೇಗೆ ಹುಡುಕುವುದು ಎಂದು ಅಪ್ಪನ ಜೊತೆ ನಿಂತು ತೋರಿಸಿ ಬರುತ್ತೇನೆ ಎನ್ನುವವರು ನಮಗೆ ಬೇಕು.

ಗಣಿ ಕಂಪನಿಗಳಿಗೆ ಸಲಹೆಗಾರರಾಗಿದ್ದೀರಾ ಎಂದೂ ಮುಚ್ಚುಮರೆ ಇಲ್ಲದೆ ಕೇಳಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಕಾಲವನ್ನು ಕಂಡ ಮನೆಗಳ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ: ಲಾರಿ ಇದ್ದವರೂ, ಧೂಳು ತಿಂದವರೂ. ಇಬ್ಬರಿಗೂ ನಂಬಿಕೆ ಬರುವಂತೆ ಪಾಠ ಮಾಡಬೇಕು.

ಹೆಣ್ಣುಮಕ್ಕಳ ಫೀಲ್ಡ್ ವ್ಯವಸ್ಥೆಯ ಬಗ್ಗೆ ಗಂಡಸರನ್ನೂ ಹೆಂಗಸರನ್ನೂ ಒಂದೇ ರೀತಿ ಕೇಳಿ. ಶೌಚಾಲಯ ಎಲ್ಲಿದೆ, ಜೊತೆಗೆ ಯಾವ ಮೇಡಂ ಬರುತ್ತಾರೆ, ಕತ್ತಲಾಗುವ ಮೊದಲು ಬಸ್ಸು ಎಲ್ಲಿರುತ್ತದೆ. ಇವಕ್ಕೆ ಉತ್ತರ ಇಲ್ಲದಿದ್ದರೆ ಮನೆಯವರು ಕಳಿಸುವುದಿಲ್ಲ, ಹುಡುಗಿ ಫೋಟೋ ನೋಡಿಯೇ ಡಿಗ್ರಿ ಮುಗಿಸುತ್ತಾಳೆ. ಅದು ನನಗೆ ಸಹಿಸಲಾಗದ ಅನ್ಯಾಯ.

ಆಯ್ಕೆಯಾದ ವಾರದೊಳಗೆ ಆದೇಶ ಕೊಡಿ. ಮ್ಯೂಸಿಯಂ ಬೀರುವಿನ ಕೀಲಿ, ಸ್ಯಾಂಪಲ್ ರಿಜಿಸ್ಟರ್, ಟೋಪೋಶೀಟ್‌ಗಳನ್ನು ಮೊದಲ ದಿನವೇ ಒಪ್ಪಿಸಿ. ಕಾಲೇಜಿನ ಮೌಲ್ಯಾಂಕನದ ನ್ಯಾಕ್ ಫೈಲು, ಎನ್‌ಎಸ್‌ಎಸ್ ಕ್ಯಾಂಪು ಮೊದಲ ಸೆಮಿಸ್ಟರಿನಲ್ಲಿ ಅವರ ತಲೆಗೆ ಕಟ್ಟಬೇಡಿ. ನಮ್ಮ ಬಿಸಿಲಿಗೆ ಫೀಲ್ಡ್ ಆಗುವುದು ಡಿಸೆಂಬರ್, ಜನವರಿಯಲ್ಲೇ. ಬಸ್ಸಿನ ದುಡ್ಡು, ಗಣಿ ಪ್ರದೇಶಕ್ಕೆ ಅನುಮತಿ ಪತ್ರ, ಹೆಲ್ಮೆಟ್ಟು ದಸರಾ ರಜೆಗೆ ಮುಂಚೆಯೇ ಅವರ ಕೈಸೇರಲಿ.