ಇರಚಲು ಹೊಡೆಯೋ ಗೋಡೆಗೆ ಮರದ ಹಲಗೆ ಹೊದಿಸೋದಾದ್ರೆ ಯಾವ ಮರ ತಗೋಬೇಕು

ಮಲೆನಾಡಲ್ಲಿ ಮನೆ ಕಟ್ಟಿದವ್ರಿಗೆ ಪಡುವಣ ಗೋಡೆ ಕಾಟ ಗೊತ್ತಿರುತ್ತೆ, ಜೂನಿಂದ ಸೆಪ್ಟೆಂಬರ್ ತನಕ ಇರಚಲು ಹೊಡೆದೂ ಹೊಡೆದೂ ಪೇಂಟ್ ಉಬ್ಬಿ ಒಳಗಡೆ ಬೂಷ್ಟು ಹಿಡಿಯುತ್ತೆ. ನಮ್ಮಜ್ಜ ಮೇ ಕೊನೇಲಿ ಅಡಿಕೆ ಸೋಗೆ ತಟ್ಟಿ ಮಾಡಿ ಆ ಗೋಡೆ ಮುಚ್ಚೋರು, ತಟ್ಟಿ ಗೋಡೆಗೆ ತಾಗದ ಹಾಗೆ ಸ್ವಲ್ಪ ಆಚೆಗೇ ಕಟ್ಟೋರು, ಮಳೆ ಎಲ್ಲಾ ತಟ್ಟಿಗೆ ಬಡಿದು ಇಳಿದು ಹೋಗ್ತಿತ್ತು, ಗೋಡೆ ಮಾತ್ರ ಬೆಚ್ಚಗಿರ್ತಿತ್ತು. ಈಗ ಆರ್ಕಿಟೆಕ್ಟ್‌ಗಳು ರೇನ್‌ಸ್ಕ್ರೀನ್ ಅನ್ನೋದು ಕೂಡ ಇದೇ ಕೆಲಸ ಮಾಡುತ್ತೆ, ಸೋಗೆ ಬದ್ಲು ಮರದ ಹಲಗೆ, ಹಿಂದೆ 20-25 ಮಿ.ಮೀ. ಗಾಳಿ ಆಡೋ ಜಾಗ, ಅಷ್ಟೇ.

ಎಲ್ಲರೂ ಮೊದ್ಲು ಕೇಳೋದು "ತೇಗಾನೇ ಹಾಕ್ಬೇಕಾ" ಅಂತ. ನಾನು ಹೇಳೋದು, ಮರದ ಹೆಸರಿಗಿಂತ ಮುಂಚೆ ಚೇಗು, ಅಂದ್ರೆ ಮರದ ಒಳಗಿನ ಗಟ್ಟಿ ತಿರುಳು, ಎಷ್ಟಿದೆ ನೋಡಿ. ತೇಗ ಆದ್ರೂ ಹೊರಗಿನ ಬಿಳಿ ಭಾಗಕ್ಕೆ ಬಾಳಿಕೆ ಇಲ್ಲ, ಕುಟ್ಟೆ ಹುಳ, ಗೆದ್ದಲು, ಕೊಳೆ ಎಲ್ಲಾ ಶುರುವಾಗೋದು ಅಲ್ಲೇ. ಘಾನಾ, ಈಕ್ವೆಡಾರ್ ಕಡೆಯಿಂದ ಬರೋ ತೋಟದ ತೇಗದ ದಿಮ್ಮಿಗಳಲ್ಲಿ ತುಂಬಾ ಎಳೇವೂ ಇರ್ತವೆ, ಅವುಗಳಲ್ಲಿ ಬಿಳಿ ಜಾಸ್ತಿ. ಸಾಮಿಲ್ಲಲ್ಲಿ ಹಲಗೆ ಪೂರ್ತಿ ಹೊರಳಿಸಿ ಎರಡೂ ಮುಖ, ಎರಡೂ ಅಂಚು ನೋಡಿ, ಒಂದು ಅಂಚಲ್ಲಿ ಬೆರಳಗಲ ಬಿಳಿ ಕಂಡ್ರೂ ಪಕ್ಕಕ್ಕಿಡಿ. ಎಣ್ಣೆ ಹಚ್ಚಿ ತೋರಿಸಿದ್ರೆ ಬಿಳಿ ಯಾವುದು ಚೇಗು ಯಾವುದು ಸರಿಯಾಗಿ ಗೊತ್ತಾಗಲ್ಲ, ಹಚ್ಚದೇ ಇರೋದನ್ನೇ ಕೇಳಿ.

ದುಡ್ಡಿದ್ದು ಹಳೇ ತೇಗ ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ, ಯಾಕಂದ್ರೆ ಅದು ಮಳೆ ಬಿಸಿಲಿಗೆ ಹಿಗ್ಗಿ ಕುಗ್ಗೋದು ಕಮ್ಮಿ. ಮನೆ ಕೆಡವಿದಾಗ ಬಂದ ತೊಲೆ, ಜಂತೆ ಸಿಕ್ರಂತೂ ಬಿಡಲೇಬೇಡಿ, ಹತ್ತಾರು ವರ್ಷ ಒಣಗಿರುತ್ತೆ, ಮೊಳೆ ಎಲ್ಲಾ ಕಿತ್ತು ಸೀಳಿಸ್ಬೇಕಷ್ಟೇ. ಹಲಸಿನ ಚೇಗು ಕೂಡ ಚೆನ್ನಾಗಿ ಬಾಳುತ್ತೆ, ಗೆದ್ದಲು ಅಷ್ಟಾಗಿ ಮುಟ್ಟಲ್ಲ, ಹೊಸದ್ರಲ್ಲಿ ಅರಿಶಿನ ಬಣ್ಣ ಇದ್ದು ಆಮೇಲೆ ಕಂದು ಆಗುತ್ತೆ. ಹೊನ್ನೆ ಗಟ್ಟಿ ಮರ, ಆದ್ರೆ ಬಣ್ಣ ಬಿಡುತ್ತೆ. ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ ಹೊನ್ನೆ ಹೆರೆದ ಚೂರು ಬಿಟ್ಟು ನೋಡಿ, ಸ್ವಲ್ಪ ಹೊತ್ತಲ್ಲೇ ನೀರು ಹಳದಿ ಕಂದು ಆಗುತ್ತೆ, ಬಿಸಿಲಿಗೆ ಹಿಡಿದ್ರೆ ಅಂಚಲ್ಲಿ ನೀಲಿ ಹೊಳಪು ಕಾಣುತ್ತೆ. ಅದೇ ನೀರು ಮಳೇಲಿ ಇಳಿದು ಕೆಳಗಿನ ಬಿಳಿ ಸುಣ್ಣದ ಗೋಡೆ ಮೇಲೆ ಗೆರೆ ಹಾಕುತ್ತೆ, ಹಾಗಾಗಿ ಕೆಳಗೆ ಕಲ್ಲು ಅಥ್ವಾ ಕೆಂಪು ಗಾರೆ ಇದ್ರೆ ಮಾತ್ರ ಹೊನ್ನೆ. ಜಂಬೆ, ಕಿರಾಲ್‌ಬೋಗಿ ಕಲ್ಲಿನ ಹಾಗೆ, ಬಾಳಿಕೆ ಬಗ್ಗೆ ಎರಡು ಮಾತಿಲ್ಲ, ಆದ್ರೆ ಭಾರ, ಸ್ಕ್ರೂಗೆ ಮೊದ್ಲೇ ಡ್ರಿಲ್ ಮಾಡದಿದ್ರೆ ಒಂದೂ ಇಳಿಯಲ್ಲ. ಮತ್ತಿ ಅಗ್ಗಕ್ಕೆ ಸಿಗುತ್ತೆ, ಸೀಳೋ ಗುಣ ಜಾಸ್ತಿ.

ಬ್ರೆಜಿಲ್ ಕಡೆಯ ಇಪೆ ಬಗ್ಗೆ ತುಂಬಾ ಜನ ಕೇಳ್ತಾರೆ. ಮರ ಅದ್ಭುತ, ನೀರಲ್ಲಿ ಹಾಕಿದ್ರೆ ಮುಳುಗೋಷ್ಟು ತೂಕ. ಆದ್ರೆ ಇಪೆ, ಅದೇ ಕಡೆಯ ಕುಮಾರು ಅನ್ನೋ ಮರ ಎರಡೂ 2024ರ ನವೆಂಬರ್ 25ರಿಂದ ಸೈಟ್ಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ದೇಶದೇಶದ ವ್ಯಾಪಾರಕ್ಕೆ ಕಡಿವಾಣ ಹಾಕೋ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಅಂದ್ರೆ ಪರವಾನಗಿ ಇದ್ರೆ ಮಾತ್ರ ವ್ಯಾಪಾರ, ಅಮೆಜಾನ್ ಕಾಡಲ್ಲಿ ಕಡಿದ್ದು ಜಾಸ್ತಿ ಆಗಿ. ಕಾಗದಪತ್ರ ಸರಿ ಇಲ್ಲದ ಮಾಲು ತಗೋಬೇಡಿ. ಊರಿನ ಮರಕ್ಕೂ ಅಷ್ಟೇ, ನಿಮ್ಮ ಜಮೀನಿನ ಮರ ಕಡಿಸೋದಾದ್ರೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯಲ್ಲಿ ಮೊದ್ಲು ವಿಚಾರಿಸಿ, ಸಾಗಿಸೋಕೆ ಪಾಸ್ ಬೇಕಾ ಅಂತಾನೂ ಕೇಳಿ, ಸಾಮಿಲ್ಲಲ್ಲಿ ಬಿಲ್ ಇಲ್ದೆ ತರಬೇಡಿ. ಯಾವ ಮರ ಅಂತಾನೇ ಅನುಮಾನ ಬಂದ್ರೆ ಬೆಂಗಳೂರು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ ಇದೆ, ಅಲ್ಲಿ ಚೂರು ಕೊಟ್ರೆ ಪರೀಕ್ಷೆ ಮಾಡಿ ಗುರುತಿಸಿಕೊಡ್ತಾರೆ.

ಇನ್ನು ಒಣಗು. ನಮ್ಮನೆಗೆ ಮೊದ್ಲು ತಂದಿದ್ದು ಮತ್ತಿ, ಒಣಗಿದೆ ಅಂತ ಮಾರಿದವ್ರು ಹೇಳಿದ್ರು, ನಾವೂ ನಂಬಿ ಜನವರೀಲಿ ಹೊಡೆಸಿದ್ವಿ. ಏಪ್ರಿಲ್ ಹೊತ್ತಿಗೆ 6 ಮಿ.ಮೀ. ಬಿಟ್ಟಿದ್ದ ಸಂದು 10 ಆಗಿತ್ತು, ಮೂರು ಹಲಗೆ ತುದಿಯಿಂದ ಸ್ಕ್ರೂ ತನಕ ಸೀಳಿತ್ತು, ಆ ಸೀಳಿಗೆ ಮಳೆನೀರು ನಿಂತು ಮುಂದಿನ ವರ್ಷಕ್ಕೆ ಕಪ್ಪಾಯ್ತು. ಆಮೇಲೆ ತೇವ ಅಳೆಯೋ ಮೀಟರ್ ತಂದು, ಹಲಗೆ ಮಧ್ಯದಲ್ಲಿ ಚುಚ್ಚಿ, 12ರಿಂದ 15 ಪರ್ಸೆಂಟ್ ಒಳಗೆ ತೇವ ಇದ್ರೆ ಮಾತ್ರ ಒಳಗೆ ಇಳಿಸಿಕೊಂಡ್ವಿ. ನೀವೂ ತಂದ ಮೇಲೆ ಎರಡು ಮೂರು ವಾರ ನೆರಳಲ್ಲಿ, ಹಲಗೆ ಹಲಗೆ ಮಧ್ಯ ರೀಪು ಇಟ್ಟು ಪೇರಿಸಿಡಿ.

ಅಗಲ 125 ಮಿ.ಮೀ. ದಾಟದೇ ಇದ್ರೆ ಒಳ್ಳೇದು, ದಪ್ಪ 20ರ ಆಸುಪಾಸು, ಅಗಲ ಹಲಗೆ ಬಿಸಿಲಿಗೆ ದೋಣಿ ಥರ ಬಾಗುತ್ತೆ. ಸ್ಕ್ರೂ ಸ್ಟೇನ್‌ಲೆಸ್ಸೇ ಆಗ್ಬೇಕು, ಇಲ್ಲಿ 304 ಗ್ರೇಡ್ ಸಾಕು, ಕಡಲ ತೀರದಲ್ಲಾದ್ರೆ 316 ಗ್ರೇಡ್. ಸಾದಾ ಕಬ್ಬಿಣದ ಮೊಳೆ ಹೊಡೆದ್ರೆ ಮರದ ಒಗರು ಅದಕ್ಕೆ ತಾಗಿ ಪ್ರತಿ ಮೊಳೆ ಕೆಳಗೂ ಮಸಿ ಸುರಿದ ಹಾಗೆ ಕಪ್ಪು ಇಳಿಯುತ್ತೆ, ಆಮೇಲೆ ತಿಕ್ಕಿದ್ರೂ ಪೂರ್ತಿ ಹೋಗಲ್ಲ.

ಹಲಗೆ ಅಡ್ಡಡ್ಡ ಹಾಕೋದಾದ್ರೆ ಹಿಂದಿನ ರೀಪು ಉದ್ದುದ್ದ ನಿಲ್ಲಿಸಿ, ಆಗ ಒಳಗೆ ಬಂದ ನೀರು ಸಲೀಸಾಗಿ ಇಳಿಯುತ್ತೆ. ಹಲಗೆಯನ್ನೇ ಉದ್ದ ನಿಲ್ಲಿಸೋದಾದ್ರೆ ಅಡ್ಡ ರೀಪಿನ ಹಿಂದೆ ಇನ್ನೊಂದು ಸಾಲು ಉದ್ದ ರೀಪು ಬೇಕೇ ಬೇಕು, ಇದನ್ನ ಆಚಾರ್ರು ಖರ್ಚು ಉಳಿಸೋಕೆ ಅಂತ ಬಿಟ್ಟುಬಿಡ್ತಾರೆ, ಪಕ್ಕದಲ್ಲೇ ನಿಂತು ಹಾಕಿಸಿ. ಮೇಲೆ ಕೆಳಗೆ ಎರಡೂ ಕಡೆ ತೆರೆದಿರ್ಬೇಕು, ಇಲಿ, ಹುಳ ಬರದ ಹಾಗೆ ಸ್ಟೇನ್‌ಲೆಸ್ ಜಾಲರಿ ಸಾಕು. ನೆಲದಿಂದ ಕನಿಷ್ಠ 200 ಮಿ.ಮೀ. ಮೇಲಿರ್ಲಿ, ನಮ್ಮ ಕಡೆ ಹಂಚಿನ ನೀರು ಅಂಗಳಕ್ಕೆ ಬಿದ್ದು ಸಿಡಿಯೋದು ನೋಡಿದ್ರೆ ಒಂದಡಿ ಇದ್ರೂ ಜಾಸ್ತಿ ಅಲ್ಲ.

ಹಲಗೆ ಕತ್ತರಿಸಿದ ತುದಿಗೆ ಅವತ್ತೇ, ಗೋಡೆಗೆ ಏರಿಸೋಕೆ ಮುಂಚೆನೇ ಮೇಣ ಅಥ್ವಾ ಸೀಲರ್ ಎರಡು ಸಲ ಹಚ್ಚಿ, ಮರ ನೀರು ಕುಡಿಯೋದು ಮುಖದಿಂದ ಅಲ್ಲ, ಜಾಸ್ತಿ ಆ ತುದಿಯಿಂದ. ಮುಖಕ್ಕೆ ವಾರ್ನಿಷ್ ಬೇಡ, ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ. ಬಣ್ಣ ಉಳೀಬೇಕು ಅಂದ್ರೆ ಪ್ರತಿ ವರ್ಷ ಏಪ್ರಿಲಲ್ಲಿ ಡೆಕ್ ಆಯಿಲ್ ಹಚ್ಚಿ, ಬೇಡ ಅಂದ್ರೆ ಹಾಗೇ ಬಿಡಿ, ಬಿಸಿಲಿಗೆ ಬೂದು ಆಗುತ್ತೆ, ಅದ್ರಿಂದ ಮರದ ಗಟ್ಟಿತನಕ್ಕೇನೂ ಆಗಲ್ಲ. ನಮ್ಮದು ಬೂದು ಬಣ್ಣಕ್ಕೆ ತಿರುಗಿದೆ, ಜುಲೈ ಮಳೇಲಿ ಬಿಡುವು ಸಿಕ್ಕಾಗ ಹಿಂದಿನ ಸಂದಿಗೆ ಟಾರ್ಚ್ ಬಿಟ್ಟು ನೋಡ್ತೀನಿ, ಗೋಡೆ ಒಣಗೇ ಇರುತ್ತೆ.