ಅಜ್ಜಿಯ ಬುಗುಡಿಗಾಗಿ ಎರಡು ಸಲ ಕಿವಿ ಚುಚ್ಚಿಸಿಕೊಂಡೆ

ಅಜ್ಜಿ ತನ್ನ ಬುಗುಡಿ ಜೋಡಿ ಕೊಟ್ಟಾಗ ನನಗೆ 26 ವರ್ಷ. ನಡುವೆ ಕೆಂಪು ಕಲ್ಲು, ಸುತ್ತ ಸಣ್ಣ ಮುತ್ತು, ಹಿಂದೆ ತಿರುಪು. ಹತ್ತಿಯಲ್ಲಿ ಸುತ್ತಿ ಹಳೇ ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದಳು. "ಹಾಕ್ಕೊಳ್ಳೋ ಹಾಗಿದ್ರೆ ಇಟ್ಕೋ, ಇಲ್ಲಾಂದ್ರೆ ಕರಗಿಸಿ ಇನ್ನೇನಾದ್ರೂ ಮಾಡಿಸ್ಕೋ" ಅಂದಳು. ತೊಂದರೆ ಏನೆಂದರೆ, ಬುಗುಡಿ ಕೂರೋದು ಕಿವಿಯ ಮೇಲಿನ ಅಂಚಿನಲ್ಲಿ. ನನಗಿದ್ದದ್ದು ಹಾಲೆಯಲ್ಲಿ ಒಂದೊಂದೇ ತೂತು. ಚುಚ್ಚಿಸದೇ ಒತ್ತಿ ಸಿಕ್ಕಿಸುವ ಬುಗುಡಿ ಈಗ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅಜ್ಜಿಯದು ಆ ಥರದ್ದಲ್ಲ.

ಹಾಲೆಯ ತೂತು ಮಾಡಿಸಿದ್ದು ನನಗೆ 11 ತಿಂಗಳಿದ್ದಾಗ. ಸೋದರಮಾವನ ತೊಡೆ ಮೇಲೆ ಕೂರಿಸಿ, ಬಾಯಿಗೆ ಸಕ್ಕರೆ ಹಾಕಿದರಂತೆ. ಚಿನ್ನದ ಕೆಲಸದ ಆಚಾರ್ರು ಚಿನ್ನದ ತಂತಿಯ ತುದಿ ಚೂಪು ಮಾಡಿ, ಅದರಲ್ಲೇ ಚುಚ್ಚಿ, ಅಲ್ಲೇ ಬಗ್ಗಿಸಿ ರಿಂಗ್ ಮಾಡಿದರಂತೆ. ಆಮೇಲೆ ಕೊಬ್ಬರಿ ಎಣ್ಣೆ, ಅರಿಶಿನ. ಹೈಸ್ಕೂಲಲ್ಲಿ ಓಲೆ ಕಳೆದುಕೊಂಡಾಗ ತೂತು ಮುಚ್ಚದಿರಲಿ ಅಂತ ಪೊರಕೆ ಕಡ್ಡಿ ಸಿಕ್ಕಿಸಿಕೊಂಡು ತಿಂಗಳುಗಟ್ಟಲೆ ಓಡಾಡಿದ್ದೇನೆ. ಏನೂ ಆಗಲಿಲ್ಲ. ಹಾಗಾಗಿ ಮೇಲಿನ ತೂತೂ ಇಷ್ಟೇ ಅಂದುಕೊಂಡೆ. ಎಡವಿದ್ದು ಅಲ್ಲೇ.

ಒಂದು ಶನಿವಾರ ಒಡವೆ ಅಂಗಡಿಯೊಂದಕ್ಕೆ ಹೋಗಿ ಬಲಗಿವಿ ಮುಂದಿಟ್ಟೆ. ಹುಡುಗ ಕಿವಿ ಚುಚ್ಚುವ ಗನ್ ತಂದ. ಸ್ಪಿರಿಟ್ ಹತ್ತಿಯಲ್ಲಿ ಅದನ್ನೂ ಒರೆಸಿದ, ನನ್ನ ಕಿವಿಯನ್ನೂ ಒರೆಸಿದ. ಟಕ್. ಎರಡು ನಿಮಿಷದ ಕೆಲಸ. ಮೂರನೇ ದಿನ ಕಿವಿಯ ಮೇಲ್ಭಾಗ ಕೆಂಪಗೆ, ಬಿಸಿಯಾಗಿ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಐದನೇ ದಿನ ಹಿಂದಿನ ಚಿಟ್ಟೆ ಆಕಾರದ ಕ್ಲಿಪ್ ಚರ್ಮದೊಳಗೆ ಹೂತುಹೋಗಿತ್ತು. ಕಿವಿ-ಮೂಗು-ಗಂಟಲಿನ ಡಾಕ್ಟರ್ ಹತ್ತಿರ ಓಡಿದೆ. ಅವರು ಮೊದಲು ನೋಡಿದ್ದು ಹಾಲೆಯನ್ನು. ಮೇಲೆಲ್ಲ ಊದಿ ಹಾಲೆ ಮಾತ್ರ ಸರಿಯಾಗಿದ್ದರೆ ಸೋಂಕು ಕಿವಿಗೆ ಆಕಾರ ಕೊಡುವ ಕಾರ್ಟಿಲೇಜಿನ ಪೊರೆಗೆ ಇಳಿದಿರಬಹುದು ಅಂದರು. ಕಾರ್ಟಿಲೇಜಿಗೆ ಅದರದೇ ರಕ್ತನಾಳಗಳಿಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ನಡುವೆ ಕೀವು ತುಂಬಿದರೆ ಕಾರ್ಟಿಲೇಜ್ ಕರಗಿ ಕಿವಿ ಮುದುಡಿಬಿಡುತ್ತದಂತೆ. ಸ್ಟಡ್ ಬಿಡಿಸಿ, ಮಾತ್ರೆ ಕೊಟ್ಟು, ಚೆನ್ನಾಗಿ ಬೈದು ಕಳಿಸಿದರು. ಕಿವಿ ಉಳಿಯಿತು. ಕಡಲೆಕಾಳಿನಷ್ಟು ಗಂಟು ಮಾತ್ರ ಇವತ್ತಿಗೂ ಇದೆ.

ತಪ್ಪು ಹುಡುಗನದೊಬ್ಬನದೇ ಅಲ್ಲ. ಗನ್ನಿನಲ್ಲಿ ಸೂಜಿಯೇ ಇರುವುದಿಲ್ಲ, ಸ್ಟಡ್ಡಿನ ಮೊಂಡು ತುದಿಯನ್ನೇ ಸ್ಪ್ರಿಂಗ್ ಬಲದಿಂದ ನುಗ್ಗಿಸುತ್ತಾರೆ. ಮೆತ್ತನೆ ಹಾಲೆ ಹೇಗೋ ತಡೆದುಕೊಳ್ಳುತ್ತದೆ, ಗಟ್ಟಿ ಕಾರ್ಟಿಲೇಜ್ ಜಜ್ಜಿಹೋಗುತ್ತದೆ. ಪ್ಲಾಸ್ಟಿಕ್ ಗನ್ನನ್ನು ಕ್ರಿಮಿ ಕೊಲ್ಲುವ ಆಟೋಕ್ಲೇವಿನ 121 ಡಿಗ್ರಿ ಹಬೆಯಲ್ಲಿ ಇಡುವ ಹಾಗಿಲ್ಲ, ಅದಕ್ಕೇ ಸ್ಪಿರಿಟ್ ಒರೆಸಾಟ. ಸ್ಟಡ್ಡೂ ಗಿಡ್ಡ, ಕಿವಿ ಊದಿದರೆ ಜಾಗವೇ ಇಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಿದರೆ ನಕ್ಕಳು. "ನನಗೆ ಮೇಲ್ಗಡೆ ಚುಚ್ಚಿಸಿದಾಗ ಇಡೀ ಮಳೆಗಾಲ ಸೋರ್ತಿತ್ತು. ಆ ಕಡೆ ಮಲಗಿದ್ದೇ ದೀಪಾವಳಿ ಆದ್ಮೇಲೆ." ಮೊದಲೇ ಹೇಳಬಾರದಿತ್ತಾ ಅಂದರೆ, "ನೀನು ಕೇಳಿದ್ಯಾ?"

ಒಂದು ವರ್ಷ ಸುಮ್ಮನಿದ್ದೆ. ಎರಡನೇ ಸಲ ಎಡಗಿವಿ, ಬೆಂಗಳೂರಿನಲ್ಲಿ ಸೂಜಿಯಿಂದ ಮಾತ್ರ ಚುಚ್ಚುವವರ ಹತ್ತಿರ. ಬುಗುಡಿಯನ್ನೂ ತೆಗೆದುಕೊಂಡು ಹೋಗಿದ್ದೆ. ಅವರು ಮೊದಲು ಕೇಳಿದ್ದು ಗಾಯದ ಬಗ್ಗೆ: ಮನೆಯಲ್ಲಿ ಯಾರಿಗಾದರೂ ಗಾಯ ಮಾಯ್ದ ಮೇಲೆ ಕಲೆ ಉಬ್ಬಿ ಬೆಳೆಯುತ್ತದಾ? ಅಂದರೆ ಕೀಲಾಯ್ಡ್. ಇದು ಕುಟುಂಬದಲ್ಲಿ ಬರುತ್ತದೆ, ನಮ್ಮಂಥ ಕಂದು ಬಣ್ಣದವರಿಗೆ ಜಾಸ್ತಿ. ನಮ್ಮಲ್ಲಿ ಯಾರಿಗೂ ಇಲ್ಲ. ಇದ್ದಿದ್ದರೆ ಮೊದಲು ಚರ್ಮದ ಡಾಕ್ಟರ್ ನೋಡಿ ಬನ್ನಿ ಅನ್ನುತ್ತಿದ್ದರಂತೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗೋ ಮಾತ್ರೆ, ಬಸಿರು, ಇವನ್ನೂ ವಿಚಾರಿಸಿದರು.

ಆಮೇಲೆ ಜಾಗ ಹುಡುಕಾಟ. ಪೆನ್ನಲ್ಲಿ ಚುಕ್ಕೆ ಇಟ್ಟು ಕನ್ನಡಿ ಕೊಟ್ಟರು. ಚೆನ್ನಾಗಿದೆ ಅಂದೆ. "ಕನ್ನಡಕ ಹಾಕಿ ನೋಡಿ." ಹಾಕಿದರೆ ಕನ್ನಡಕದ ಕಡ್ಡಿ ಸರಿಯಾಗಿ ಚುಕ್ಕೆಯ ಹಿಂದೆಯೇ ಬಂದು ಕೂತಿತು! ಒರೆಸಿ ಸ್ವಲ್ಪ ಮೇಲಿಟ್ಟರು. ಈಗ ಬುಗುಡಿ ಅಂಚಿನಿಂದ ಆಚೆ ಚಾಚುತ್ತಿತ್ತು. ಮತ್ತೆ ಒರೆಸಿದರು. ಮೂರನೇ ಚುಕ್ಕೆಗೆ ಇಬ್ಬರೂ ಒಪ್ಪಿದೆವು. ಚುಚ್ಚೋದಕ್ಕಿಂತ ಚುಕ್ಕೆ ಇಡೋದಕ್ಕೇ ಹೊತ್ತು ಹಿಡಿಯಿತು.

ಬೇರೆ ಜಾಗಗಳ ಬಗ್ಗೆಯೂ ಅವತ್ತೇ ತಲೆ ತಿಂದೆ. ಮೇಲಿನ ಅಂಚಿಗೆ ಹೆಲಿಕ್ಸ್ ಅನ್ನುತ್ತಾರೆ, ಅಂದರೆ ನಮ್ಮ ಬುಗುಡಿಯ ಜಾಗವೇ. ಕಿವಿ ತೂತಿನ ಮುಂದಿನ ಪುಟ್ಟ ಉಬ್ಬು ಟ್ರೇಗಸ್. ದಿನವಿಡೀ ಇಯರ್‌ಫೋನ್ ಹಾಕುವವರಿಗೆ ಅದು ಬೇಡವೇ ಬೇಡ. ಕಿವಿಯ ಬಟ್ಟಲಿನಂಥ ಭಾಗ ಕಾಂಕ್. ಒಂದೇ ಉದ್ದ ಕಡ್ಡಿಯನ್ನು ಮೇಲೆ ಅಡ್ಡಕ್ಕೆ ಎರಡು ತೂತಿನಲ್ಲಿ ದಾಟಿಸಿದರೆ ಇಂಡಸ್ಟ್ರಿಯಲ್. ಅದಕ್ಕೆ ಕಿವಿಯ ಅಂಚು ಚೆನ್ನಾಗಿ ಮಡಿಚಿರಬೇಕು, ನನ್ನದು ಚಪ್ಪಟೆ, ಆಗಲ್ಲ ಅಂದರು. ಒಳಗಿನ ಮಡಿಕೆಗೆ ಹಾಕುವ ಡೇತ್ ತಲೆನೋವು ಓಡಿಸುತ್ತದೆ ಅಂತ ಗೆಳತಿ ಹೇಳಿದ್ದಳು. ಅದಕ್ಕೆ ಗಟ್ಟಿ ಆಧಾರ ಇಲ್ಲ. ಚೆಂದಕ್ಕೆ ಬೇಕಾದರೆ ಮಾಡಿಸಿಕೊಳ್ಳಿ. ಹಾಲೆ ಎರಡು ಮೂರು ತಿಂಗಳಲ್ಲಿ ಮಾಯ್ದರೆ ಇವೆಲ್ಲ ಆರು ತಿಂಗಳಿಂದ ಒಂದು ವರ್ಷ ಬೇಡುತ್ತವೆ. ಅಜ್ಜಿಯ ಮಳೆಗಾಲದ ಲೆಕ್ಕ ಸರಿಯಾಗೇ ಇತ್ತು.

ಚುಚ್ಚುವ ಮೊದಲು ಅವರು ಕೈ ತೊಳೆದು ಹೊಸ ಗ್ಲೌಸ್ ಹಾಕಿದ್ದನ್ನು ನೋಡಿದೆ. ಸೂಜಿಯ ಸೀಲ್ ಪ್ಯಾಕೆಟ್ ನನ್ನೆದುರೇ ಹರಿದರು. ಆಭರಣದ ಪೊಟ್ಟಣದ ಮೇಲೆ ಆಟೋಕ್ಲೇವಿನಲ್ಲಿ ಬಣ್ಣ ಬದಲಾಗುವ ಗುರುತಿತ್ತು. ಟೊಳ್ಳು ಸೂಜಿ, 16 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ಉಸಿರು ಬಿಡಿ ಅಂದರು, ಬಿಟ್ಟೆ, ಮುಗಿದಿತ್ತು. ಹಾಕಿದ್ದು ಟೈಟಾನಿಯಂ ಕಡ್ಡಿ, ದೇಹದೊಳಗೆ ಇಡುವ ದರ್ಜೆಯದು, ಎಎಸ್‌ಟಿಎಂ ಎಫ್136 ಅಂತ ಮಾನದಂಡದ ಗುರುತು ಬರೆದಿರುತ್ತದೆ. ಉದ್ದ 8 ಮಿಲಿಮೀಟರ್, ಊತಕ್ಕೆ ಜಾಗ ಇರಲಿ ಅಂತ. ಚಿನ್ನವನ್ನೇ ಹಾಕಬಾರದಾ ಅಂತ ಅಮ್ಮ ಫೋನಿನಲ್ಲೇ ಕೇಳಿದಳು. 22 ಕ್ಯಾರೆಟ್ ಮೆತ್ತಗೆ, ಬೇಗ ಗೀರು ಬೀಳುತ್ತದೆ, ಹಸಿ ಗಾಯಕ್ಕೆ ಒಳ್ಳೆಯದಲ್ಲ. ಸಂತೆಯ ಫ್ಯಾನ್ಸಿ ಓಲೆಯಲ್ಲಿ ನಿಕ್ಕಲ್ ಇರುತ್ತದೆ, ಕಿವಿ ತುರಿಸಿ ನೀರಾಡುವುದು ಸಾಮಾನ್ಯವಾಗಿ ಅದರಿಂದಲೇ.

ಆಮೇಲಿನ ಕೆಲಸ ಬಲು ಬೇಜಾರಿನದು. ದಿನಕ್ಕೆ ಎರಡು ಸಲ 0.9 ಪರ್ಸೆಂಟಿನ ಸಲೈನ್, ಒರೆಸಲು ಗಾಜ್ ಬಟ್ಟೆ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಸಲೈನ್ ಚಿಕ್ಕ ಪ್ಯಾಕೇ ತಗೊಳ್ಳಿ, ಒಮ್ಮೆ ತೆರೆದ ಬಾಟಲಿಯನ್ನು ವಾರಗಟ್ಟಲೆ ಬಳಸೋ ಹಾಗಿಲ್ಲ. ಅರಿಶಿನ, ಎಣ್ಣೆ, ಸ್ಪಿರಿಟ್ ಯಾವುದೂ ಇಲ್ಲ. ತಿರುಗಿಸೋದೂ ಇಲ್ಲ. ಅಮ್ಮನಿಗೆ ಇದನ್ನು ಒಪ್ಪಿಸೋದೇ ದೊಡ್ಡ ಕೆಲಸವಾಯ್ತು.

ಯಾರೂ ಮೊದಲೇ ಹೇಳದ ತೊಂದರೆ ಹೆಲ್ಮೆಟ್ಟಿನದು. ಹಾಕುವಾಗ ಅಲ್ಲ, ತೆಗೆಯುವಾಗ ಒಳಗಿನ ಸ್ಪಂಜು ಕಿವಿಯನ್ನು ಮಡಚಿಕೊಂಡೇ ಮೇಲೆ ಬರುತ್ತದೆ. ಮೊದಲ ವಾರ ಎರಡು ಸಲ ಪಾರ್ಕಿಂಗಿನಲ್ಲಿ ಕಣ್ಣೀರು ಹಾಕಿ, ಗಾಡಿ ಮನೆಯಲ್ಲಿಟ್ಟು ಒಂದೂವರೆ ತಿಂಗಳು ಬಸ್ಸಿಗೇ ಹೋದೆ. ಮಲಗೋದಕ್ಕೆ ಪ್ರಯಾಣದಲ್ಲಿ ಕುತ್ತಿಗೆಗೆ ಹಾಕುವ ದಿಂಬು ತಂದೆ, ಕಿವಿಯನ್ನು ಅದರ ನಡುವಿನ ಖಾಲಿಯಲ್ಲಿ ಇಟ್ಟು ಮಲಗಿದರೆ ಆರಾಮ. ಎರಡನೇ ತಿಂಗಳಲ್ಲಿ ನಿದ್ದೆಗಣ್ಣಲ್ಲಿ ಆ ಕಡೆ ಹೊರಳಿ ಹೊರಳಿ ಪಕ್ಕದಲ್ಲೊಂದು ಕೆಂಪು ಗುಳ್ಳೆ ಎದ್ದಿತು. ಹೆದರಿ ಚುಚ್ಚಿದವರ ಹತ್ತಿರ ಹೋದರೆ, ಊತ ಇಳಿದಿದೆ, ಕಡ್ಡಿ ಉದ್ದವಾಗಿ ಅಲ್ಲಾಡುತ್ತಿದೆ ಅಂತ 6 ಮಿಲಿಮೀಟರಿನದು ಹಾಕಿದರು. ಗುಳ್ಳೆ ತಾನಾಗೇ ಇಳಿಯಿತು. ಕೀವು ಬಂದರೂ ನೀವೇ ಆಭರಣ ಕೀಳಬೇಡಿ ಅಂದರು. ಕಿತ್ತರೆ ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು, ಡಾಕ್ಟರಿಗೆ ತೋರಿಸಿ.

ಹತ್ತನೇ ತಿಂಗಳಲ್ಲಿ ಬುಗುಡಿ ಹಾಕಲು ಹೋದರೆ ಕಡ್ಡಿ ಒಳಗೇ ಹೋಗಲಿಲ್ಲ! ಊರಿನ ಆಚಾರ್ರ ಹತ್ತಿರ ಒಯ್ದೆ. ಅಳೆದರು, 1.6 ಮಿಲಿಮೀಟರ್. ಹಳೇ ಕಾಲದವರು ತೂತನ್ನು ನಿಧಾನವಾಗಿ ಹಿಗ್ಗಿಸಿಕೊಳ್ಳುತ್ತಿದ್ದರು ಅಂದರು. ನನಗೆ ಆ ಉಸಾಬರಿ ಬೇಡ ಅಂದೆ. ಹಳೇ ಕಡ್ಡಿ ಬಿಡಿಸಿ ತೆಳ್ಳಗಿನದು ಬೆಸೆದು, ತಿರುಪಿಗೆ ಹೊಸದಾಗಿ ಸುರುಳಿ ಗೆರೆ ಹಾಕಿಕೊಟ್ಟರು. ಅಜ್ಜಿಯ ಕಲ್ಲು, ಮುತ್ತು ಹಾಗೇ ಇವೆ. ದಿನಾ ಹಾಕಲ್ಲ, ಭಾರ. ಹಬ್ಬಕ್ಕೆ, ಮದುವೆಗೆ ಮಾತ್ರ.

ಮೊನ್ನೆ ಚಿಕ್ಕಮ್ಮನ ಮಗನ ಮದುವೆಯಲ್ಲಿ ಹಾಕಿದ್ದೆ, ಎಡಗಿವಿಗೆ ಒಂದೇ. ಬಲಗಿವಿಯ ಗಂಟಿನ ಪಕ್ಕ ಚುಚ್ಚಬಹುದಾ ಅಂತ ಡಾಕ್ಟರಿಗೆ ಇನ್ನೂ ತೋರಿಸಬೇಕು. ಊಟದ ಸಾಲಿನಲ್ಲಿ ಪಕ್ಕ ಕೂತಿದ್ದ ದೊಡ್ಡಮ್ಮ ನನ್ನ ಕಿವಿಯನ್ನೇ ದಿಟ್ಟಿಸಿ, ಎಲೆ ಕೆಳಗೆಲ್ಲ ಬಗ್ಗಿ ನೋಡಿ, "ಅಯ್ಯೋ, ಇನ್ನೊಂದು ಎಲ್ಲಿ ಬೀಳಿಸ್ಕೊಂಡ್ಯೇ?" ಅಂದರು.